ಕುಟುಂಬ ಟ್ರಸ್ಟ್: ಉದ್ಯಮದ ಒಡೆತನ, ವಾರಸುದಾರಿಕೆ ಮತ್ತು ಖಾಸಗಿತನ

ಉದ್ಯಮದ ಷೇರುಗಳನ್ನೋ ಪಾಲು ಬಂಡವಾಳವನ್ನೋ ಟ್ರಸ್ಟಿಗಳ ಹೆಸರಿಗೆ ವರ್ಗಾಯಿಸಿ, ಅದರ ಫಲ ಮಾತ್ರ ಮನೆಯವರಿಗೆ ಸಲ್ಲುವಂತೆ ಪತ್ರ ಬರೆದಿಡುವ ವ್ಯವಸ್ಥೆಯನ್ನು ಖಾಸಗಿ ಕುಟುಂಬ ಟ್ರಸ್ಟ್ ಎನ್ನುತ್ತಾರೆ. ಭಾರತದಲ್ಲಿ ಇದರ ಬುನಾದಿ 1882ರ ಭಾರತೀಯ ಟ್ರಸ್ಟ್ ಕಾಯಿದೆ. ಆಸ್ತಿಯನ್ನು ಒಪ್ಪಿಸುವವನು ಸ್ಥಾಪಕ, ಅದನ್ನು ತನ್ನ ಹೆಸರಲ್ಲಿ ಹೊತ್ತು ನಡೆಸುವವನು ಟ್ರಸ್ಟಿ, ಅದರಿಂದ ಬರುವುದನ್ನು ಪಡೆಯುವವನು ಫಲಾನುಭವಿ. ಉದ್ಯಮ ಹೋಳಾಗದಿರಲಿ, ಯಜಮಾನ ತೀರಿಕೊಂಡ ಮೇಲೆ ಮನೆಯವರು ಕೋರ್ಟು ಕಚೇರಿ ಅಲೆಯದಿರಲಿ, ಅಪ್ರಾಪ್ತ ಮಗುವಿಗೋ ಅಸ್ವಸ್ಥ ಮಗುವಿಗೋ ಕೊನೆಯವರೆಗೂ ಆಸರೆ ಇರಲಿ ಎಂಬ ಕಾರಣಗಳಿಗಾಗಿ ಜನ ಇದನ್ನು ಮಾಡುತ್ತಾರೆ. ಇವುಗಳ ಜೊತೆಗೆ ಇನ್ನೊಂದು ಕಾರಣವೂ ಇರುತ್ತದೆ: ಯಾರಿಗೆ ಎಷ್ಟು ಪಾಲು ಎಂಬುದು ಊರವರ ಬಾಯಿಗೆ ಬೀಳದಿರಲಿ ಎಂಬುದು. ಈ ಲೇಖನದ ಗಮನ ಹೆಚ್ಚಾಗಿ ಅದರ ಮೇಲೆ.

ಖಾಸಗಿತನ ಯಾರಿಂದ ಎಂಬ ಪ್ರಶ್ನೆಗೆ ಮೊದಲೇ ಉತ್ತರ ಹೇಳಿಬಿಡಬೇಕು. ಒಡೆತನದ ವಿವರವನ್ನು ನೆರೆಹೊರೆಯವರಿಂದ, ಪೈಪೋಟಿಯ ವ್ಯಾಪಾರಿಗಳಿಂದ, ಚಂದಾ ಕೇಳುವವರಿಂದ, ದೂರದ ನೆಂಟರಿಂದ ಮರೆಯಾಗಿಡಲು ಭಾರತದ ಕಾನೂನು ಸಾಕಷ್ಟು ಎಡೆ ಕೊಡುತ್ತದೆ. ತೆರಿಗೆ ಇಲಾಖೆ, ಕಂಪನಿ ನೋಂದಣಾಧಿಕಾರಿ, ಬ್ಯಾಂಕು, ಸಾಲ ಕೊಟ್ಟವರು, ಸ್ವತಃ ಫಲಾನುಭವಿಗಳು ಇವರಿಂದ ಮರೆಯಾಗಿಡಲು ಎಡೆ ಕೊಡುವುದಿಲ್ಲ. ಈ ಎರಡನ್ನು ಬೆರೆಸಿಕೊಂಡವರೇ ತೊಂದರೆಗೆ ಸಿಕ್ಕವರು.

ಹಿನ್ನೆಲೆ

ಟ್ರಸ್ಟ್ ಹುಟ್ಟಿದ್ದು ಮಧ್ಯಯುಗದ ಇಂಗ್ಲೆಂಡಿನಲ್ಲಿ. ಆಗ ಅಲ್ಲಿ ಜಮೀನನ್ನು ಉಯಿಲಿನ ಮೂಲಕ ಬಿಟ್ಟುಕೊಡಲು ಸಾಮಾನ್ಯವಾಗಿ ಆಗುತ್ತಿರಲಿಲ್ಲ. ವಾರಸುದಾರ ಪಟ್ಟಕ್ಕೆ ಬಂದಾಗ ಒಡೆಯನಿಗೆ ಕಾಣಿಕೆ ಕಟ್ಟಬೇಕಿತ್ತು. ಹಾಗಾಗಿ ಭೂಮಾಲೀಕರು ನಂಬಿಕೆಯ ನಾಲ್ಕಾರು ಮಂದಿಯ ಹೆಸರಿಗೆ ಜಮೀನು ಮಾಡಿ, ಅದರ ಉಪಯೋಗ ಹೆಂಡತಿ ಮಕ್ಕಳಿಗೆ ಸಲ್ಲಲಿ ಎಂದು ಗೊತ್ತುಮಾಡುತ್ತಿದ್ದರು. ಸಾಮಾನ್ಯ ನ್ಯಾಯಾಲಯಗಳು ಹೆಸರಿನವನನ್ನೇ ಮಾಲೀಕನೆಂದವು. ಚಾನ್ಸಲರನ ನ್ಯಾಯಾಲಯ ಮಾತ್ರ ಕೊಟ್ಟ ಮಾತಿಗೆ ಅವನನ್ನು ಕಟ್ಟಿಹಾಕಿತು. ಈ ದಾರಿಯಿಂದ ಖಜಾನೆಗೆ ನಷ್ಟವಾಗುತ್ತಿದೆ ಎಂದು ಎಂಟನೆಯ ಹೆನ್ರಿ ಅದನ್ನು ಮುಚ್ಚಲು 1535ರಲ್ಲಿ ಕಾನೂನೊಂದನ್ನು ಮಾಡಿಸಿದ. ವಕೀಲರು ಅದರ ಸಂದಿಯಿಂದಲೇ ಹೊಸ ದಾರಿ ತೆಗೆದರು. ಮನೆಯವರನ್ನು ಕಾಯುವ ಆಸೆ, ದೊರೆಯ ಕಣ್ಣು ತಪ್ಪಿಸುವ ಆಸೆ ಎರಡೂ ಹುಟ್ಟಿನಿಂದಲೇ ಟ್ರಸ್ಟಿನೊಳಗೆ ಹೆಣೆದುಕೊಂಡಿವೆ. ಇಂದಿನ ಜಗಳಗಳೂ ಅದೇ ಹೆಣಿಗೆಯವು.

ಭಾರತದ 1882ರ ಕಾಯಿದೆ ಈ ಇಂಗ್ಲಿಷ್ ಪರಂಪರೆಯನ್ನು ಚಿಕ್ಕದಾಗಿ, ಸ್ಪಷ್ಟವಾಗಿ ಬರೆದಿಟ್ಟಿತು. ವಕ್ಫ್, ಧಾರ್ಮಿಕ ಹಾಗೂ ದತ್ತಿ ಆಸ್ತಿಗಳು, ಅವಿಭಕ್ತ ಕುಟುಂಬದ ಸದಸ್ಯರ ನಡುವಿನ ಸಂಬಂಧ ಇವನ್ನು ಅದು ಹೊರಗಿಟ್ಟಿತು. ಮುಸ್ಲಿಂ ಮನೆತನಗಳಲ್ಲಿ ಕುಟುಂಬಕ್ಕಾಗಿಯೇ ವಕ್ಫ್ ಮಾಡುವ ರೂಢಿಯಿತ್ತು. 1894ರಲ್ಲಿ ಆಗಿನ ಅತ್ಯುನ್ನತ ನ್ಯಾಯಾಲಯವಾದ ಪ್ರಿವಿ ಕೌನ್ಸಿಲ್ ಅದನ್ನು ಒಪ್ಪದೆ ಹೋದಾಗ ದೊಡ್ಡ ಅಸಮಾಧಾನವೆದ್ದಿತು. ಮಹಮ್ಮದ್ ಅಲಿ ಜಿನ್ನಾ ಮಂಡಿಸಿದ ಮಸೂದೆ 1913ರಲ್ಲಿ ಕಾಯಿದೆಯಾಗಿ ಆ ರೂಢಿಗೆ ಮಾನ್ಯತೆ ಮರಳಿಸಿತು.

ಹಿಂದೂ ವ್ಯಾಪಾರಿ ಮನೆತನಗಳಿಗೆ ಬಹುಕಾಲ ಪತ್ರವೇ ಬೇಕಾಗಿರಲಿಲ್ಲ. ದಾವಣಗೆರೆಯ ಹತ್ತಿ ಮಂಡಿಯಿರಲಿ, ಹುಬ್ಬಳ್ಳಿಯ ಬಟ್ಟೆ ಅಂಗಡಿಯಿರಲಿ, ಒಡೆತನ ಅವಿಭಕ್ತ ಕುಟುಂಬದ್ದು, ಮಾತು ಮನೆಯ ಯಜಮಾನನಾದ ಕರ್ತನದು, ಲೆಕ್ಕ ಮನೆಯ ಕಿರ್ದಿ ಪುಸ್ತಕದಲ್ಲಿ. ಸರ್ಕಾರಿ ದಫ್ತರಗಳಲ್ಲಿ ಒಡೆತನ ದಾಖಲಾಗತೊಡಗಿದ ಮೇಲೆಯೇ ಖಾಸಗಿತನ ಒಂದು ಪ್ರಶ್ನೆಯಾಯಿತು. 1953ರಲ್ಲಿ ಬಂದ ಎಸ್ಟೇಟ್ ಡ್ಯೂಟಿ ಇದಕ್ಕೆ ಇನ್ನಷ್ಟು ಬಿಸಿ ಮುಟ್ಟಿಸಿತು. ಸತ್ತವರ ಆಸ್ತಿಯ ಮೇಲಿನ ಆ ತೆರಿಗೆಯ ದರ ದೊಡ್ಡ ಆಸ್ತಿಗಳಿಗೆ ಶೇ 85ರವರೆಗೂ ಏರಿತ್ತು, 1985ರಲ್ಲಿ ವಿ.ಪಿ. ಸಿಂಗ್ ಹಣಕಾಸು ಸಚಿವರಾಗಿದ್ದಾಗ ಅದು ರದ್ದಾಯಿತು. ಇಂದು ಭಾರತದಲ್ಲಿ ವಾರಸಾ ತೆರಿಗೆಯಿಲ್ಲ, 2015ರ ಬಜೆಟ್ಟಿನ ನಂತರ ಸಂಪತ್ತು ತೆರಿಗೆಯೂ ಇಲ್ಲ. ಆದರೂ ಎಸ್ಟೇಟ್ ಡ್ಯೂಟಿ ಮರಳಿ ಬಂದೀತೆಂಬ ಅಂಜಿಕೆ ಉದ್ಯಮಿಗಳಲ್ಲಿ ಹೋಗಿಲ್ಲ. ಟ್ರಸ್ಟ್ ಮಾಡಿಸಿಕೊಳ್ಳುವವರ ಸಂಖ್ಯೆ ಬೆಳೆದದ್ದಕ್ಕೆ ಅದೂ ಒಂದು ಕಾರಣ.

ಈಗಾಗಲೇ ಬಯಲಲ್ಲಿರುವುದು

ಏನನ್ನು ಖಾಸಗಿಯಾಗಿ ಇಡಬಹುದು ಎಂದು ಕೇಳುವ ಮೊದಲು ಏನು ಎಲ್ಲರಿಗೂ ಕಾಣುತ್ತಿದೆ ಎಂದು ನೋಡಬೇಕು. ಒಬ್ಬರೇ ನಡೆಸುವ ಅಂಗಡಿಯಾದರೆ ಜಿಎಸ್‌ಟಿ ಸಂಖ್ಯೆಯನ್ನು ಪೋರ್ಟಲ್‌ನಲ್ಲಿ ಹಾಕಿದ ಕೂಡಲೆ ಮಾಲೀಕರ ಹೆಸರು ಸಿಗುತ್ತದೆ. ಪಾಲುದಾರಿಕೆಯಾದರೆ 1932ರ ಕಾಯಿದೆಯ ಪ್ರಕಾರ ಫರ್ಮುಗಳ ರಿಜಿಸ್ಟರನ್ನು ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು. ಕಂಪನಿಯಾದರೆ ಕಂಪನಿ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಶುಲ್ಕ ಕಟ್ಟಿದವರಿಗೆ ವಾರ್ಷಿಕ ರಿಟರ್ನ್, ನಿರ್ದೇಶಕರ ಹೆಸರು, ಷೇರುದಾರರ ಪಟ್ಟಿ ತೆರೆದುಕೊಳ್ಳುತ್ತವೆ. ಷೇರುಪೇಟೆಯಲ್ಲಿ ನೋಂದಾಯಿತ ಕಂಪನಿಯಾದರೆ ಪ್ರತಿ ಮೂರು ತಿಂಗಳಿಗೆ ಪ್ರವರ್ತಕರೆಲ್ಲರ ಪಾಲು, ಶೇ 1 ಮೀರಿದ ಇತರರ ಹೆಸರು ಪ್ರಕಟವಾಗುತ್ತವೆ. ಪೀಣ್ಯದ ಒಂದು ಸಣ್ಣ ಪ್ರೈವೇಟ್ ಲಿಮಿಟೆಡ್ ಕಾರ್ಖಾನೆಯ ಮಾಲೀಕ ತನ್ನ ಇಬ್ಬರು ಮಕ್ಕಳಿಗೆ 60 ಮತ್ತು 40ರಂತೆ ಷೇರು ಹಂಚಿದರೆ, ಆ ಪಟ್ಟಿ ಅವನ ಗುಮಾಸ್ತನ ಕೈಗೂ ಸಿಗಬಹುದು, ಮಗಳನ್ನು ಕೇಳಿ ಬರುವ ಬೀಗರ ಕೈಗೂ ಸಿಗಬಹುದು. ಇದರಿಂದ ಆಗುವ ಮನಸ್ತಾಪ ಸಣ್ಣದಲ್ಲ. ಒಡೆತನ ಮುಚ್ಚಿಡಬೇಕೆನ್ನುವವರೆಲ್ಲ ಕಳ್ಳಲೆಕ್ಕದವರು ಎಂದು ಭಾವಿಸುವುದು ತಪ್ಪು.

ಟ್ರಸ್ಟ್ ಮಾಡುವ ಮರೆ

ಕಾನೂನಿನ ದೃಷ್ಟಿಯಲ್ಲಿ ಖಾಸಗಿ ಟ್ರಸ್ಟ್ ಒಬ್ಬ ವ್ಯಕ್ತಿಯಲ್ಲ. ಕಂಪನಿಯಂತೆ ಅದಕ್ಕೆ ಸ್ವಂತ ಅಸ್ತಿತ್ವವಿಲ್ಲ; ಆಸ್ತಿ ಟ್ರಸ್ಟಿಗಳ ಹೆಸರಲ್ಲಿ ನಿಲ್ಲುತ್ತದೆ. ಹಾಗಾಗಿ ಸದಸ್ಯರ ಪಟ್ಟಿ ತೆರೆದು ನೋಡಿದವರಿಗೆ ಕಾಣುವುದು ಟ್ರಸ್ಟಿಯ ಹೆಸರು. ಫಲಾನುಭವಿಗಳು ಯಾರು, ಯಾರಿಗೆ ಎಷ್ಟು, ಯಾವಾಗ, ಯಾವ ಷರತ್ತಿನ ಮೇಲೆ ಎಂಬುದೆಲ್ಲ ಪತ್ರದೊಳಗೆ ಉಳಿಯುತ್ತದೆ. 1956ರ ಕಂಪನಿ ಕಾಯಿದೆಯಂತೂ ಸದಸ್ಯರ ಪಟ್ಟಿಯಲ್ಲಿ ಟ್ರಸ್ಟಿನ ಪ್ರಸ್ತಾಪವೇ ಬರಕೂಡದೆಂದು ಹೇಳಿತ್ತು.

ಪತ್ರ ಎಲ್ಲಿ ದಾಖಲಾಗುತ್ತದೆ ಎಂಬುದರ ಮೇಲೆ ಉಳಿದದ್ದೆಲ್ಲ ನಿಂತಿದೆ. ಸಲಹೆಗಾರರು ಸಾಮಾನ್ಯವಾಗಿ ಬಿಟ್ಟುಬಿಡುವ ಸಂಗತಿ ಇದಾದ್ದರಿಂದ ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ. ಟ್ರಸ್ಟ್ ಕಾಯಿದೆಯ 5ನೇ ಕಲಮಿನ ಪ್ರಕಾರ ಜಮೀನು, ಕಟ್ಟಡದಂಥ ಸ್ಥಿರಾಸ್ತಿಯ ಟ್ರಸ್ಟ್ ಬರಹದಲ್ಲಿರಬೇಕು, ಸಹಿಯಾಗಬೇಕು, ನೋಂದಣಿಯಾಗಬೇಕು. ಇಲ್ಲವೇ ಉಯಿಲಿನ ಮೂಲಕ ಆಗಬೇಕು. ಷೇರು, ಠೇವಣಿ, ನಗದಿನಂಥ ಚರಾಸ್ತಿಗೆ ನೋಂದಣಿ ಬೇಕಿಲ್ಲ; ಒಡೆತನ ಟ್ರಸ್ಟಿಗೆ ವರ್ಗಾವಣೆಯಾದರೆ ಸಾಕು.

ಇನ್ನು 1908ರ ನೋಂದಣಿ ಕಾಯಿದೆಯ ಪ್ರಕಾರ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಬೇರೆ ಬೇರೆ ಪುಸ್ತಕಗಳಿವೆ. ಸ್ಥಿರಾಸ್ತಿಗೆ ಸಂಬಂಧಿಸಿದ ಪತ್ರಗಳು ಒಂದನೇ ಪುಸ್ತಕಕ್ಕೆ ಹೋಗುತ್ತವೆ. ಆ ಪುಸ್ತಕವನ್ನು ಯಾರು ಬೇಕಾದರೂ ನೋಡಬಹುದು, ನಕಲು ಪಡೆಯಬಹುದು. ಕರ್ನಾಟಕದಲ್ಲಿ ನಿವೇಶನ ಕೊಳ್ಳುವ ಮೊದಲು ನಾವು ತೆಗೆಸುವ ಇ.ಸಿ., ಅಂದರೆ ಋಣಭಾರ ಪ್ರಮಾಣಪತ್ರ, ಹುಟ್ಟುವುದು ಇದೇ ದಾಖಲೆಗಳಿಂದ. ಸ್ಥಿರಾಸ್ತಿಯಿಲ್ಲದ ಇತರ ಪತ್ರಗಳನ್ನು ನೋಂದಾಯಿಸಿದರೆ ಅವು ನಾಲ್ಕನೇ ಪುಸ್ತಕಕ್ಕೆ ಹೋಗುತ್ತವೆ. ಅದರ ನಕಲು ಬರೆದುಕೊಟ್ಟವರಿಗೆ, ಅದರಡಿ ಹಕ್ಕು ಪಡೆದವರಿಗೆ, ಅವರ ಪ್ರತಿನಿಧಿಗಳಿಗೆ ಮಾತ್ರ. ಉಯಿಲುಗಳದು ಮೂರನೇ ಪುಸ್ತಕ: ಬರೆದವರು ಬದುಕಿರುವವರೆಗೆ ಅವರಿಗೂ ಅವರ ಪ್ರತಿನಿಧಿಗೂ ಮಾತ್ರ ನಕಲು, ತೀರಿಕೊಂಡ ಮೇಲೆ ಕೇಳಿದ ಯಾರಿಗಾದರೂ.

ಇದರ ಪರಿಣಾಮ ಏನೆಂದರೆ, ಕಾರ್ಖಾನೆಯ ಷೇರುಗಳನ್ನೂ ಜಯನಗರದ ಮನೆಯನ್ನೂ ಒಂದೇ ಟ್ರಸ್ಟ್ ಪತ್ರದಲ್ಲಿ ಸೇರಿಸಿ ಬರೆಸಿದ ಮನುಷ್ಯ, ಮನೆಯ ಕಾರಣದಿಂದ ಇಡೀ ಪತ್ರವನ್ನು ಒಂದನೇ ಪುಸ್ತಕಕ್ಕೆ ಒಪ್ಪಿಸಿದಂತಾಯಿತು. ಮಕ್ಕಳ ಪಾಲು, ಸೊಸೆಯ ಬಗೆಗಿನ ಷರತ್ತು, ಮಗನ ಕಾಯಿಲೆಯ ಉಲ್ಲೇಖ ಎಲ್ಲವೂ ಅಲ್ಲಿ ಅಚ್ಚಾಗಿ ಕುಳಿತವು. ಷೇರುಗಳಿಗೆ ಒಂದು ಪತ್ರ, ಸ್ಥಿರಾಸ್ತಿಗೆ ಬೇರೆ ಪತ್ರ ಮಾಡಿಸಿದ್ದರೆ ಇದು ತಪ್ಪುತ್ತಿತ್ತು. ದೂರದ ದ್ವೀಪದೇಶದಲ್ಲಿ ಟ್ರಸ್ಟ್ ಮಾಡುವ ಉಪಾಯವೇನೂ ಇದಕ್ಕೆ ಬೇಡ.

ಉಯಿಲು ಬರೆಯಲು ಸುಲಭ. ಇಬ್ಬರು ಸಾಕ್ಷಿಗಳಿದ್ದರೆ ಸಾಕು, ನೋಂದಣಿ ಐಚ್ಛಿಕ. ಮೊಹರು ಮಾಡಿದ ಲಕೋಟೆಯಲ್ಲಿ ಜಿಲ್ಲಾ ನೋಂದಣಾಧಿಕಾರಿಯ ಬಳಿ ಇಟ್ಟುಬರುವ ಅವಕಾಶವೂ ಉಂಟು. ಆದರೆ ಉಯಿಲಿನ ಖಾಸಗಿತನ ಬರೆದವರ ಆಯುಸ್ಸಿನಷ್ಟೇ. ಪ್ರೊಬೇಟ್‌ಗೆ, ಅಂದರೆ ಉಯಿಲನ್ನು ನ್ಯಾಯಾಲಯದಲ್ಲಿ ದೃಢಪಡಿಸಿಕೊಳ್ಳಲು, ಹೋದರೆ ಆಸ್ತಿಪಟ್ಟಿಯ ಸಮೇತ ಅದು ನ್ಯಾಯಾಲಯದ ಕಡತವಾಗುತ್ತದೆ, ಪ್ರಕಟಣೆಯೂ ಹೊರಡುತ್ತದೆ. ಮುಂಬೈ, ಚೆನ್ನೈ, ಕೋಲ್ಕತ್ತ ನಗರಗಳಿಗೆ ಸಂಬಂಧಿಸಿದ ಹಿಂದೂ ಉಯಿಲುಗಳಿಗೆ ಪ್ರೊಬೇಟ್ ಬಹುಕಾಲ ಕಡ್ಡಾಯವಾಗಿತ್ತು. ಕರ್ನಾಟಕದೊಳಗಿನ ಆಸ್ತಿಗೆ ಕರ್ನಾಟಕದಲ್ಲೇ ಬರೆದ ಹಿಂದೂ ಉಯಿಲಿಗೆ ಆ ಕಟ್ಟುಪಾಡು ಇರಲಿಲ್ಲ. ಆದರೆ ಒಬ್ಬ ವಾರಸುದಾರ ತಕರಾರು ಎತ್ತಿದರೂ ಸಾಕು, ಉಯಿಲು ಕೋರ್ಟಿನ ಮೇಜಿಗೆ ಬರುತ್ತದೆ. ಬದುಕಿರುವಾಗಲೇ ಟ್ರಸ್ಟಿಗೆ ವರ್ಗವಾದ ಆಸ್ತಿ ಸತ್ತವನ ಆಸ್ತಿಯಾಗಿ ಉಳಿದಿರುವುದಿಲ್ಲವಾದ್ದರಿಂದ ಆ ದಾರಿ ಹಿಡಿಯಬೇಕಾಗಿಲ್ಲ.

ಡಿಮ್ಯಾಟ್ ಖಾತೆಗೆ ನಾಮಿನಿ ಹಾಕಿದ್ದೇನೆ, ಇನ್ನೇನು ಬೇಕು ಎನ್ನುವವರು ಬಹಳ ಮಂದಿ. 2023ರ ಡಿಸೆಂಬರ್‌ನಲ್ಲಿ ಶಕ್ತಿ ಯೆಜ್ದಾನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ಖಚಿತ ಉತ್ತರ ಕೊಟ್ಟಿದೆ: ನಾಮಿನಿ ಷೇರುಗಳ ಮಾಲೀಕನಾಗುವುದಿಲ್ಲ, ಒಡೆತನ ಉಯಿಲಿನಂತೆ ಅಥವಾ ವಾರಸಾ ಕಾನೂನಿನಂತೆಯೇ ಹೋಗುತ್ತದೆ.

ಟ್ರಸ್ಟ್ ಪತ್ರಗಳಲ್ಲಿ ಎರಡು ಬಗೆ ಮುಖ್ಯ. ಪ್ರತಿಯೊಬ್ಬರ ಪಾಲನ್ನು ಮೊದಲೇ ಬರೆದಿಟ್ಟರೆ ಅದು ನಿಗದಿತ ಪಾಲಿನ ಟ್ರಸ್ಟ್. ಯಾರಿಗೆ ಎಷ್ಟು ಎಂಬುದನ್ನು ಟ್ರಸ್ಟಿಗಳ ತೀರ್ಮಾನಕ್ಕೆ ಬಿಟ್ಟರೆ ವಿವೇಚನಾ ಟ್ರಸ್ಟ್. ಎರಡನೆಯದರಲ್ಲಿ ಯಾವ ಫಲಾನುಭವಿಗೂ ಇಂತಿಷ್ಟು ನನ್ನದು ಎನ್ನಲು ಬರುವುದಿಲ್ಲ. ಅವನ ಸಾಲಗಳಿಗಾಗಿ ಬರುವವರಿಗೂ ಹಿಡಿಯಲು ಏನೂ ಸಿಗುವುದಿಲ್ಲ. ರಕ್ಷಣೆ ಹೆಚ್ಚು, ತೆರಿಗೆಯೂ ಹೆಚ್ಚು: ಇಂಥ ಟ್ರಸ್ಟಿನ ಆದಾಯಕ್ಕೆ ಸಾಮಾನ್ಯವಾಗಿ ಗರಿಷ್ಠ ದರ. ಸ್ಥಾಪಕ ಬೇಕೆಂದಾಗ ಹಿಂಪಡೆಯಬಹುದಾದ ಟ್ರಸ್ಟಾದರೆ ಆದಾಯವನ್ನು ಅವನದೆಂದೇ ಲೆಕ್ಕ ಹಿಡಿಯುತ್ತಾರೆ. 1961ರ ಆದಾಯ ತೆರಿಗೆ ಕಾಯಿದೆಯ ಈ ತತ್ವಗಳನ್ನು 2025ರ ಹೊಸ ಕಾಯಿದೆಯೂ ಉಳಿಸಿಕೊಂಡಿದೆ. ತೆರಿಗೆ ಉಳಿಸಲು ಕುಟುಂಬ ಟ್ರಸ್ಟ್ ಎಂಬ ಜಾಹೀರಾತಿನ ಮಾತನ್ನು ಆದ್ದರಿಂದ ನಂಬಬಾರದು.

ಮರೆ ಸರಿಯುವ ಕಡೆಗಳು

ಈಗಿನ ಕಂಪನಿ ಕಾಯಿದೆಯ 90ನೇ ಕಲಮು ಮತ್ತು 2018ರ ನಿಯಮಗಳು (2019ರಲ್ಲಿ ತಿದ್ದುಪಡಿಯಾದವು) ಹೆಸರಿನ ಹಿಂದಿರುವ ನಿಜವಾದ ಮನುಷ್ಯ ಯಾರೆಂದು ಕೇಳುತ್ತವೆ. ಕಂಪನಿಯೊಂದರಲ್ಲಿ ಪರೋಕ್ಷವಾಗಿ ಶೇ 10ಕ್ಕೆ ಕಡಿಮೆಯಿಲ್ಲದ ಪಾಲುಳ್ಳ ಅಥವಾ ಹಿಡಿತವುಳ್ಳ ವ್ಯಕ್ತಿ ಬೆನ್-1 ನಮೂನೆಯಲ್ಲಿ ಕಂಪನಿಗೆ ತಿಳಿಸಬೇಕು. ಕಂಪನಿ ಬೆನ್-2 ಮೂಲಕ ನೋಂದಣಾಧಿಕಾರಿಗೆ ಸಲ್ಲಿಸಬೇಕು. ಷೇರು ಟ್ರಸ್ಟಿನ ಕೈಲಿದ್ದರೆ ಆ ವ್ಯಕ್ತಿ ಯಾರು? ವಿವೇಚನಾ ಟ್ರಸ್ಟಾದರೆ ಟ್ರಸ್ಟಿ, ನಿಗದಿತ ಪಾಲಿನದಾದರೆ ಫಲಾನುಭವಿ, ಹಿಂಪಡೆಯಬಹುದಾದದ್ದಾದರೆ ಸ್ಥಾಪಕ. ಪತ್ರದ ಬಗೆಯನ್ನು ಆರಿಸುವಾಗಲೇ ಯಾರ ಹೆಸರು ದಾಖಲೆಗೆ ಹೋಗುತ್ತದೆ ಎಂಬುದೂ ತೀರ್ಮಾನವಾಗುತ್ತದೆ ಎಂದರ್ಥ. ಹೀಗೆ ತಿಳಿಸಿದ ಹೆಸರುಗಳ ರಿಜಿಸ್ಟರನ್ನು ಕಂಪನಿಯ ಸದಸ್ಯರು ನೋಡಬಹುದು. ಮಾಹಿತಿ ಕೊಡದಿದ್ದರೆ ಕಂಪನಿ ಕಾನೂನು ನ್ಯಾಯಮಂಡಳಿ ಮತ ಹಾಕುವ ಹಕ್ಕು, ಲಾಭಾಂಶ, ವರ್ಗಾವಣೆ ಮೂರನ್ನೂ ತಡೆಹಿಡಿಯಬಲ್ಲದು. 2024ರ ಮೇನಲ್ಲಿ ದೆಹಲಿಯ ಕಂಪನಿ ನೋಂದಣಾಧಿಕಾರಿ ಲಿಂಕ್ಡ್‌ಇನ್ ಇಂಡಿಯಾ ಕಂಪನಿಗೂ ಮೈಕ್ರೋಸಾಫ್ಟ್ ಮುಖ್ಯಸ್ಥ ಸತ್ಯ ನಾದೆಲ್ಲ ಅವರಿಗೂ ಇದೇ ಕಲಮಿನಡಿ ದಂಡ ಹಾಕಿದರು. ಷೇರುಗಳು ಎಷ್ಟು ಕಂಪನಿಗಳ ಪದರಗಳ ಕೆಳಗಿದ್ದರೂ ಹಿಡಿತದ ಪ್ರಶ್ನೆ ಮೇಲಿನ ಮನುಷ್ಯನವರೆಗೆ ಹೋಗುತ್ತದೆ ಎಂಬುದನ್ನು ಆ ಆದೇಶ ತೋರಿಸಿತು.

ಬ್ಯಾಂಕುಗಳು ಹಣ ಅಕ್ರಮ ವರ್ಗಾವಣೆ ತಡೆ ನಿಯಮಗಳಂತೆ ಸ್ಥಾಪಕ, ಟ್ರಸ್ಟಿ, ಶೇ 10ರಷ್ಟು ಅಥವಾ ಹೆಚ್ಚು ಪಾಲಿನ ಫಲಾನುಭವಿ ಇವರೆಲ್ಲರ ಗುರುತು ಕೇಳುತ್ತವೆ. ಟ್ರಸ್ಟ್‌ಗೆ ಪ್ಯಾನ್ ಬೇಕು, ರಿಟರ್ನ್ ಸಲ್ಲಿಸಬೇಕು. 2016ರಲ್ಲಿ ಬಿಗಿಯಾದ ಬೇನಾಮಿ ಕಾಯಿದೆ ಟ್ರಸ್ಟಿಯ ಹೆಸರಲ್ಲಿರುವ ಆಸ್ತಿಗೆ ವಿನಾಯಿತಿ ಕೊಟ್ಟಿದೆ ನಿಜ. ಆದರೆ ಪತ್ರ ತೋರಿಕೆಯದು, ಹಣ ಬೇರೆಯವನದು ಎಂದಾದರೆ ಆ ವಿನಾಯಿತಿ ನಿಲ್ಲುವುದಿಲ್ಲ. ಅಪರಾಧ ಸಾಬೀತಾದರೆ ಒಂದರಿಂದ ಏಳು ವರ್ಷದವರೆಗೆ ಕಠಿಣ ಶಿಕ್ಷೆ, ಆಸ್ತಿಯ ಬೆಲೆಯ ಶೇ 25ರವರೆಗೆ ದಂಡ.

ಸಾಲ ಕೊಟ್ಟವರ ವಿಷಯದಲ್ಲಿ ಕಾನೂನು ಇನ್ನೂ ಹಳೆಯದು. ಸಾಲ ಕೊಟ್ಟವರನ್ನು ವಂಚಿಸಲು ಮಾಡಿದ ವರ್ಗಾವಣೆಯನ್ನು ಅವರು ರದ್ದುಪಡಿಸಬಹುದು ಎಂದು 1882ರ ಸ್ವತ್ತು ವರ್ಗಾವಣೆ ಕಾಯಿದೆಯ 53ನೇ ಕಲಮೇ ಹೇಳುತ್ತದೆ. 2016ರ ದಿವಾಳಿ ಸಂಹಿತೆ ಸಂಬಂಧಿಕರ ಪರವಾಗಿ ಮಾಡಿದ ಪಕ್ಷಪಾತದ ವಹಿವಾಟುಗಳನ್ನು ಎರಡು ವರ್ಷ ಹಿಂದಕ್ಕೆ ಹೋಗಿ ನೋಡುತ್ತದೆ. ನಮ್ಮ ಸಣ್ಣ ಉದ್ಯಮಿಗಳಲ್ಲಿ ಬಹುಪಾಲು ಜನ ಕಂಪನಿಯ ಸಾಲಕ್ಕೆ ಬ್ಯಾಂಕಿನಲ್ಲಿ ವೈಯಕ್ತಿಕ ಜಾಮೀನು ಬರೆದುಕೊಟ್ಟಿರುತ್ತಾರೆ. ಕಂತು ತಪ್ಪಲು ಶುರುವಾದ ಮೇಲೆ ಮಾಡಿಸಿದ ಟ್ರಸ್ಟ್ ಆ ಜಾಮೀನಿನ ಮುಂದೆ ನಿಲ್ಲುವುದು ಕಷ್ಟ.

ಕರ್ನಾಟಕಕ್ಕೆ ಇದರ ಕಹಿ ಉದಾಹರಣೆ ಪರಿಚಿತವೇ. ಕಿಂಗ್‌ಫಿಷರ್ ಏರ್‌ಲೈನ್ಸ್ ಸಾಲದ ಪ್ರಕರಣದಲ್ಲಿ ಆಸ್ತಿ ವರ್ಗಾಯಿಸಕೂಡದೆಂದು ಕರ್ನಾಟಕ ಹೈಕೋರ್ಟ್ ಆದೇಶವಿತ್ತು. ಅದನ್ನು ಮೀರಿ, ಡಿಯಾಜಿಯೊ ಕಂಪನಿಯಿಂದ ಬಂದ 4 ಕೋಟಿ ಡಾಲರನ್ನು ಕಿಂಗ್‌ಫಿಷರ್ ಒಡೆಯ ವಿಜಯ್ ಮಲ್ಯ ಮಕ್ಕಳ ಕಡೆಗೆ ದಾಟಿಸಿದರು. ಸುಪ್ರೀಂ ಕೋರ್ಟ್ 2017ರಲ್ಲಿ ಅದನ್ನು ನ್ಯಾಯಾಂಗ ನಿಂದನೆ ಎಂದು ತೀರ್ಮಾನಿಸಿ, 2022ರ ಜುಲೈನಲ್ಲಿ ನಾಲ್ಕು ತಿಂಗಳ ಸಜೆ ವಿಧಿಸಿತು, ಹಣವನ್ನು ಶೇ 8ರ ಬಡ್ಡಿಯೊಂದಿಗೆ ಮರಳಿಸಬೇಕೆಂದು ಆದೇಶಿಸಿತು. ಸಂಬಳ ಸಿಗದೆ ಮನೆಗೆ ಹೋದ ಕಿಂಗ್‌ಫಿಷರ್ ನೌಕರರನ್ನು ನೆನೆದರೆ ಆ ಆದೇಶ ಕಠಿಣವೆನಿಸುವುದಿಲ್ಲ.

ಷೇರುಪೇಟೆಯ ಕಂಪನಿಗಳಲ್ಲಿ ಮರೆ ಇನ್ನೂ ತೆಳು. ಪ್ರವರ್ತಕರು ಶೇ 25 ಅಥವಾ ಹೆಚ್ಚಿನ ಷೇರನ್ನು ತಮ್ಮದೇ ಟ್ರಸ್ಟಿಗೆ ವರ್ಗಾಯಿಸಿದರೂ ಸಾರ್ವಜನಿಕ ಷೇರುದಾರರಿಗೆ ಕೊಳ್ಳುವ ಪ್ರಸ್ತಾವ ಕೊಡಬೇಕಾದ ಪ್ರಸಂಗ ಬರುತ್ತದೆ. ಅದರಿಂದ ವಿನಾಯಿತಿ ಬೇಕಾದರೆ ಷೇರುಪೇಟೆಯ ನಿಯಂತ್ರಕ ಸೆಬಿಗೆ ಅರ್ಜಿ ಹಾಕಬೇಕು. 2017ರ ಡಿಸೆಂಬರ್‌ನಲ್ಲಿ ಸೆಬಿ ಹೊರಡಿಸಿದ ಸುತ್ತೋಲೆ ಇದಕ್ಕೆ ಷರತ್ತುಗಳನ್ನು ಬರೆದಿದೆ: ಪ್ರವರ್ತಕರು, ಅವರ ಹತ್ತಿರದ ಸಂಬಂಧಿಕರು, ನೇರ ಸಂತತಿಯವರು ಮಾತ್ರ ಟ್ರಸ್ಟಿಗಳೂ ಫಲಾನುಭವಿಗಳೂ ಆಗಿರಬೇಕು, ಫಲಾನುಭವದ ಹಕ್ಕನ್ನು ಮಾರಕೂಡದು, ಅಡವಿಡಕೂಡದು. ಕೊನೆಗೆ ಸೆಬಿ ಹೊರಡಿಸುವ ವಿನಾಯಿತಿ ಆದೇಶದಲ್ಲಿ ಟ್ರಸ್ಟಿಗಳ, ಫಲಾನುಭವಿಗಳ ಹೆಸರಿರುತ್ತದೆ, ಆದೇಶ ಜಾಲತಾಣದಲ್ಲಿ ಪ್ರಕಟವಾಗುತ್ತದೆ. 2023ರ ತಿದ್ದುಪಡಿಯ ನಂತರ ಕಂಪನಿಯ ಹಿಡಿತದ ಮೇಲೆ ಪರಿಣಾಮ ಬೀರುವ ಕುಟುಂಬ ಒಪ್ಪಂದಗಳನ್ನೂ ಬಹಿರಂಗಪಡಿಸಬೇಕಾಗಿದೆ. ಇದು ಸರಿಯಾದ ಕ್ರಮ. ಸಾರ್ವಜನಿಕರ ಹಣ ಪಡೆದ ಕಂಪನಿಯನ್ನು ಯಾರು ನಡೆಸುತ್ತಾರೆಂಬುದು ಮನೆಯೊಳಗಿನ ಮಾತಾಗಿ ಉಳಿಯಲಾಗದು.

ಕೆಲವು ಉದಾಹರಣೆಗಳು

ಬೆಂಗಳೂರಿನ ವಿಪ್ರೊ ಕಂಪನಿಯ ಷೇರುದಾರರ ಪಟ್ಟಿ ಓದಿದರೆ ಒಡೆತನವನ್ನು ಪದರ ಪದರವಾಗಿ ಜೋಡಿಸುವ ಬಗೆ ಗೊತ್ತಾಗುತ್ತದೆ. ಹಾಶಮ್ ಟ್ರೇಡರ್ಸ್, ಪ್ರಾಜಿಮ್ ಟ್ರೇಡರ್ಸ್, ಜಾಶ್ ಟ್ರೇಡರ್ಸ್ ಎಂಬ ಪಾಲುದಾರಿಕೆ ಫರ್ಮುಗಳ ಪ್ರತಿನಿಧಿಯಾಗಿ ಅಜೀಂ ಪ್ರೇಮ್‌ಜಿ ಅವರ ಹೆಸರು, ಜೊತೆಗೆ ಅಜೀಂ ಪ್ರೇಮ್‌ಜಿ ಟ್ರಸ್ಟ್. 2019ರ ಮಾರ್ಚ್‌ನಲ್ಲಿ ಅವರು ತಮ್ಮ ಹಿಡಿತದಲ್ಲಿದ್ದ ವಿಪ್ರೊ ಷೇರುಗಳಲ್ಲಿ ಇನ್ನೂ ಶೇ 34ರ ಆರ್ಥಿಕ ಫಲವನ್ನು, ಆಗಿನ ಬೆಲೆಯಲ್ಲಿ 52,750 ಕೋಟಿ ರೂಪಾಯಿಯನ್ನು, ದತ್ತಿ ಕೆಲಸಕ್ಕೆ ಮೀಸಲಿಟ್ಟಾಗ ಆ ಒಟ್ಟು ಭಾಗ ಶೇ 67ಕ್ಕೆ ಏರಿತು. ಷೇರಿನ ಹೆಸರು ಒಂದು ಕಡೆ, ಅದರ ಫಲ ಇನ್ನೊಂದು ಕಡೆ ಇರಬಹುದೆಂಬುದನ್ನು ಮರೆಮಾಚಲು ಬಳಸದೆ ಘೋಷಿಸಿ ಬಳಸಿದ ದೊಡ್ಡ ನಿದರ್ಶನ ಅದು. ಟಾಟಾ ಸನ್ಸ್ ಕಂಪನಿಯ ಶೇ 66ರಷ್ಟು ಷೇರು ಟಾಟಾ ಟ್ರಸ್ಟ್‌ಗಳ ಬಳಿ ಇದೆ. ಅವು ದತ್ತಿ ಟ್ರಸ್ಟ್‌ಗಳಾದ್ದರಿಂದ ಅವುಗಳ ಕಟ್ಟಳೆಗಳೇ ಬೇರೆ. 2016ರ ಅಕ್ಟೋಬರ್‌ನಲ್ಲಿ ಸೈರಸ್ ಮಿಸ್ತ್ರಿ ಅವರನ್ನು ಅಧ್ಯಕ್ಷ ಸ್ಥಾನದಿಂದ ತೆಗೆದ ನಂತರ ನಡೆದ ವ್ಯಾಜ್ಯ 2021ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿನಲ್ಲಿ ಮುಗಿಯುವವರೆಗೂ, ಟ್ರಸ್ಟಿಗಳ ಮಾತಿಗೆ ಕಂಪನಿಯ ಮಂಡಳಿಯಲ್ಲಿ ಎಷ್ಟು ತೂಕ ಎಂಬ ಪ್ರಶ್ನೆ ಜನರೆದುರು ಚರ್ಚೆಯಾಯಿತು.

ಏನೂ ಬರೆದಿಡದಿದ್ದರೆ ಆಗುವುದಕ್ಕೆ ಅಂಬಾನಿ ಮನೆತನದ ಕತೆಯಿದೆ. 2002ರ ಜುಲೈ 6ರಂದು ಧೀರೂಭಾಯಿ ಉಯಿಲು ಬರೆಯದೆ ತೀರಿಕೊಂಡರು. ಅಣ್ಣತಮ್ಮಂದಿರ ಒಡಕು ಪತ್ರಿಕೆಗಳ ಮುಖಪುಟಕ್ಕೆ ಬಂದು, 2005ರ ಜೂನ್‌ನಲ್ಲಿ ತಾಯಿ ಕೋಕಿಲಾಬೆನ್ ನಿಂತು ಪಾಲು ಮಾಡಿಸಬೇಕಾಯಿತು. ದೇಶದ ಅತಿ ದೊಡ್ಡ ಉದ್ಯಮ ಕುಟುಂಬದ ಒಳಮಾತುಗಳೆಲ್ಲ ತಿಂಗಳುಗಟ್ಟಲೆ ಬೀದಿಯಲ್ಲಿದ್ದವು.

ಹೊರದೇಶಗಳಲ್ಲಿ

ಅಮೆರಿಕದ ಸೌತ್ ಡಕೋಟ ರಾಜ್ಯ 1983ರಲ್ಲಿ ಟ್ರಸ್ಟಿನ ಕಾಲಮಿತಿಯ ನಿಯಮವನ್ನೇ ತೆಗೆದುಹಾಕಿತು. ಟ್ರಸ್ಟಿನ ವ್ಯಾಜ್ಯದ ಕಡತಗಳನ್ನು ಮೊಹರು ಮಾಡಿ ಇಡುವ ಕಾನೂನೂ ಅಲ್ಲಿದೆ. 2016ರ ಪನಾಮಾ ಪೇಪರ್ಸ್ ಸೋರಿಕೆಯಲ್ಲಿ 1.15 ಕೋಟಿ ದಾಖಲೆ, 2021ರ ಪಂಡೋರಾ ಪೇಪರ್ಸ್‌ನಲ್ಲಿ 1.19 ಕೋಟಿ ದಾಖಲೆ ಹೊರಬಿದ್ದಾಗ ಇಂಥ ಮರೆಗಳ ಹಿಂದೆ ಎಂಥೆಂಥವರಿದ್ದರೆಂದು ಜಗತ್ತು ನೋಡಿತು. ಬ್ರಿಟನ್ 2016ರಿಂದ ಕಂಪನಿಗಳ ನಿಜ ಒಡೆಯರ ಪಟ್ಟಿಯನ್ನು ಸಾರ್ವಜನಿಕರಿಗೆ ತೆರೆದಿಟ್ಟಿದೆ. ಯುರೋಪಿನ ಉನ್ನತ ನ್ಯಾಯಾಲಯ ಮಾತ್ರ 2022ರ ನವೆಂಬರ್‌ನಲ್ಲಿ, ಎಲ್ಲರಿಗೂ ತೆರೆದ ಪಟ್ಟಿ ಖಾಸಗಿ ಬದುಕಿನ ಹಕ್ಕಿಗೆ ವಿರುದ್ಧ ಎಂದಿತು. ಅಮೆರಿಕ 2024ರಲ್ಲಿ ಜಾರಿಗೆ ತಂದ ಒಡೆತನ ಘೋಷಣೆಯ ನಿಯಮದಿಂದ 2025ರ ಮಾರ್ಚ್‌ನಲ್ಲಿ ತನ್ನದೇ ನೆಲದ ಕಂಪನಿಗಳನ್ನು ಹೊರಗಿಟ್ಟಿತು. ಭಾರತದ ಮಧ್ಯಮ ದಾರಿ, ಅಂದರೆ ಅಧಿಕಾರಿಗಳಿಗೆ ಎಲ್ಲವೂ, ದಾರಿಹೋಕರಿಗೆ ಸ್ವಲ್ಪವೇ, ಇವುಗಳಲ್ಲಿ ಹೆಚ್ಚು ಸಮಂಜಸವಾಗಿ ತೋರುತ್ತದೆ.

ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರಿಗೆ ಇಲ್ಲೊಂದು ಎಚ್ಚರಿಕೆ. ಕ್ಯಾಲಿಫೋರ್ನಿಯಾದಂಥ ಕಡೆ ಪ್ರೊಬೇಟ್ ತಪ್ಪಿಸಲು ಬದುಕಿರುವಾಗಲೇ ಹಿಂಪಡೆಯಬಹುದಾದ ಟ್ರಸ್ಟ್ ಮಾಡಿಕೊಳ್ಳುವುದು ವಾಡಿಕೆ. ಅಲ್ಲಿನ ಪತ್ರದಲ್ಲಿ ಮೈಸೂರಿನ ನಿವೇಶನವನ್ನು ಹೆಸರಿಸಿದ ಮಾತ್ರಕ್ಕೆ ಅದು ಟ್ರಸ್ಟಿಗೆ ಸೇರುವುದಿಲ್ಲ. ಇಲ್ಲಿ ಮುದ್ರಾಂಕ ಶುಲ್ಕ ಕಟ್ಟಿ ನೋಂದಾಯಿಸಿದ ಪತ್ರ ಬೇಕು. ಊರಿಗೆ ಮರಳಿ ಭಾರತದ ತೆರಿಗೆ ನಿವಾಸಿಗಳಾದವರು, ವಿದೇಶದ ಟ್ರಸ್ಟಿನಲ್ಲಿ ಸ್ಥಾಪಕರಾಗಿದ್ದರೂ ಟ್ರಸ್ಟಿಯಾಗಿದ್ದರೂ ಫಲಾನುಭವಿಯಾಗಿದ್ದರೂ ಅದನ್ನು ರಿಟರ್ನ್‌ನಲ್ಲಿ ತೋರಿಸಲೇಬೇಕು. ಮುಚ್ಚಿಟ್ಟರೆ 2015ರ ಕಪ್ಪುಹಣ ಕಾಯಿದೆಯಡಿ 10 ಲಕ್ಷ ರೂಪಾಯಿ ದಂಡದವರೆಗೂ ಹೋಗಬಹುದು.

ಮಿತಿಗಳು ಮತ್ತು ಪತ್ರದ ಬರವಣಿಗೆ

ಟ್ರಸ್ಟಿಗೆ ಒಪ್ಪಿಸಬಹುದಾದದ್ದು ತನ್ನದಾದದ್ದನ್ನು ಮಾತ್ರ. ಅವಿಭಕ್ತ ಕುಟುಂಬದ ಆಸ್ತಿಯನ್ನು ಕರ್ತ ತನ್ನೊಬ್ಬನ ಸಹಿಯಿಂದ ಟ್ರಸ್ಟ್ ಮಾಡಲಾಗದು. ಕರ್ನಾಟಕ 1994ರಲ್ಲೇ, 2005ರ ಕೇಂದ್ರ ತಿದ್ದುಪಡಿಗೂ ಮೊದಲು, ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಪಾಲಿನ ಹಕ್ಕು ಕೊಟ್ಟ ರಾಜ್ಯಗಳಲ್ಲೊಂದು, ಆಗಲೇ ಮದುವೆಯಾಗಿದ್ದವರನ್ನು ಬಿಟ್ಟು. ಸುಪ್ರೀಂ ಕೋರ್ಟಿನ 2020ರ ವಿನೀತಾ ಶರ್ಮಾ ತೀರ್ಪು ಈ ಹಕ್ಕನ್ನು ಇನ್ನಷ್ಟು ಗಟ್ಟಿಮಾಡಿದೆ. ಪಿತ್ರಾರ್ಜಿತ ಗಿರಣಿಯನ್ನು ಗಂಡುಮಕ್ಕಳ ಟ್ರಸ್ಟಿಗೆ ಸದ್ದಿಲ್ಲದೆ ಸಾಗಿಸಿ ಹೆಣ್ಣುಮಕ್ಕಳನ್ನು ತಪ್ಪಿಸುವ ಪ್ರಯತ್ನ ಅನ್ಯಾಯವಷ್ಟೇ ಅಲ್ಲ, ಕೋರ್ಟಿನಲ್ಲಿ ಬಿದ್ದುಹೋಗುವಂಥದ್ದು. ಮುಸ್ಲಿಂ ಕಾನೂನಿನಲ್ಲಿ ವಾರಸುದಾರರ ಒಪ್ಪಿಗೆಯಿಲ್ಲದೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚನ್ನು ಉಯಿಲಿನಿಂದ ಬಿಡಲಾಗದು.

ಖಾಸಗಿ ಟ್ರಸ್ಟ್ ಶಾಶ್ವತವೂ ಅಲ್ಲ. ಈಗ ಬದುಕಿರುವವರ ಆಯುಸ್ಸು ಮುಗಿದು, ಆಗ ಇರುವ ಮಗುವಿಗೆ ಪ್ರಾಪ್ತ ವಯಸ್ಸು ಬರುವಷ್ಟರೊಳಗೆ ಆಸ್ತಿಯ ಹಕ್ಕು ಯಾರಲ್ಲಾದರೂ ನೆಲೆಗೊಳ್ಳಬೇಕು.

ಪತ್ರ ಬರೆಸುವಾಗ ಟ್ರಸ್ಟಿಗಳ ಆಯ್ಕೆಯೇ ಎಲ್ಲಕ್ಕಿಂತ ಕಷ್ಟದ ಕೆಲಸ. ಪತ್ರದಲ್ಲಿ ಬೇರೆ ಹೇಳಿಲ್ಲದಿದ್ದರೆ ಟ್ರಸ್ಟಿಗಳೆಲ್ಲ ಸೇರಿಯೇ ಕೆಲಸ ಮಾಡಬೇಕೆಂದು ಟ್ರಸ್ಟ್ ಕಾಯಿದೆಯ 48ನೇ ಕಲಮು ಹೇಳುತ್ತದೆ. ಮೂವರಲ್ಲಿ ಒಬ್ಬ ಮುನಿಸಿಕೊಂಡರೆ ಷೇರಿನ ಮತವೂ ಚಲಾವಣೆಯಾಗದೆ, ಲಾಭಾಂಶವೂ ಹಂಚಿಕೆಯಾಗದೆ ಉದ್ಯಮ ಕೈಕಟ್ಟಿ ಕೂರುತ್ತದೆ. ಬಹುಮತದ ನಿಯಮ, ಟ್ರಸ್ಟಿ ಸತ್ತಾಗ ಅಥವಾ ಬಿಟ್ಟಾಗ ಬದಲಿ ಯಾರು, ಮನೆಯ ಹೊರಗಿನ ಒಬ್ಬ ವಿಶ್ವಾಸದ ಲೆಕ್ಕಪರಿಶೋಧಕರನ್ನೋ ವಕೀಲರನ್ನೋ ಸೇರಿಸುವುದು ಇವನ್ನು ಆರಂಭದಲ್ಲೇ ಬರೆದಿಡಬೇಕು. ಷೇರುಪೇಟೆಯ ಕಂಪನಿಗಳಿಗೆ ಸೆಬಿ ಷರತ್ತಿನಿಂದಾಗಿ ಹೊರಗಿನವರನ್ನು ಸೇರಿಸಲು ಅಡ್ಡಿಯುಂಟು. ಪತ್ರ ಬರೆಸಿ ಷೇರು ವರ್ಗಾಯಿಸುವುದನ್ನೇ ಮರೆತವರೂ ಇದ್ದಾರೆ; ಆಸ್ತಿಯಿಲ್ಲದ ಟ್ರಸ್ಟ್ ಕಾನೂನಿನ ಕಣ್ಣಿಗೆ ಟ್ರಸ್ಟೇ ಅಲ್ಲ.

ಫಲಾನುಭವಿಗಳಿಂದಲೇ ಪತ್ರವನ್ನು ಬಚ್ಚಿಡುವ ಅಭ್ಯಾಸ ನಮ್ಮಲ್ಲಿ ಹೆಚ್ಚು. ಹಿರಿಯರಿಗೆ ಅದು ಮಕ್ಕಳ ಒಳ್ಳೆಯದಕ್ಕೆ ಎನಿಸುತ್ತದೆ. ಕಾಯಿದೆಯ 57ನೇ ಕಲಮಿನ ಪ್ರಕಾರ ಟ್ರಸ್ಟ್ ಪತ್ರವನ್ನೂ ಲೆಕ್ಕವನ್ನೂ ನೋಡುವ, ನಕಲು ಪಡೆಯುವ ಹಕ್ಕು ಫಲಾನುಭವಿಗಿದೆ. ಕೇಳಿದಾಗ ಲೆಕ್ಕ ಕೊಡಬೇಕಾದ್ದು ಟ್ರಸ್ಟಿಯ ಕರ್ತವ್ಯ. ಊರಿಗೆ ತಿಳಿಯಬಾರದ್ದನ್ನು ಊರಿಗೆ ಹೇಳಬೇಡಿ. ಆದರೆ ಮಗನಿಗೋ ಮಗಳಿಗೋ ಹದಿನೆಂಟು ತುಂಬಿದ ವರ್ಷವೇ ಕೂರಿಸಿಕೊಂಡು ಪತ್ರ ಓದಿಸಿ, ಒಂದು ನಕಲನ್ನು ಅವರ ಕೈಗೆ ಕೊಡಿ, ಟ್ರಸ್ಟಿ ಯಾರೆಂದು ಎದುರಿಗೆ ಪರಿಚಯಿಸಿ.